ಹೆದರಿಕೆ ಹೇಳಿಕೊಳ್ಳಲು ಕಲಿಸಿದ ಮಾಸ್ತರ

ಮೊನ್ನೆ ನಮ್ಮ ಮನೆಯಲ್ಲಿ ಒಂದು ಸಂಗತಿ ಆಯಿತು. ಅದನ್ನು ಒಬ್ಬನಿಗೆ ಹೇಳಲೇಬೇಕಿತ್ತು. ಹೇಳೋಣವೆಂದರೆ ಅವನಿಲ್ಲ. ಹೇಳದೆ ಇರೋಣವೆಂದರೆ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅದಕ್ಕೆ ಮಗನ ಹಳೇ ಪಟ್ಟಿಯ ಉಳಿದ ಹಾಳೆಯಲ್ಲಿ ಬರೆಯಲು ಕೂತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಕ್ಷರ ಡೊಂಕಾದರೆ ಬೇಜಾರು ಮಾಡಿಕೊಳ್ಳಬೇಡಿ. ನಡುನಡುವೆ ಮೊಮ್ಮಗಳು ಬಂದು ಪೆನ್ನು ಕಸಿಯುತ್ತಾಳೆ, ಈಗಷ್ಟೇ ಅಂಬೆಗಾಲಿಡಲು ಕಲಿತಿದ್ದಾಳೆ. ನನ್ನ ಮೊಮ್ಮಗಳು! ಎಷ್ಟು ಹೆದರಿಕೊಂಡು ಪಡೆದುಕೊಂಡ ಶಬ್ದ ಅದು.

ನಾನು ಹೇಳಬೇಕಿದ್ದವನದು ಕಾರವಾರದ ಪೇಟೆಯಲ್ಲಿ ಒಂದು ಕೈಗಾಡಿ. ನಾನು ಅಮದಳ್ಳಿಯಿಂದ ಬೆಳಗಿನ ಬಸ್ಸಿಗೆ ಹರಿವೆ, ಬಸಳೆ, ಈರುಳ್ಳಿ ಸೊಪ್ಪು ತಂದು ಕೂರುವ ಜಾಗದ ಎದುರಿಗೇ. ಸಂಜೆಗೆ ಮೊಮೊ, ನೂಡಲ್ಸ್ ಮಾಡುತ್ತಿದ್ದ. ಮಧ್ಯಾಹ್ನದಿಂದ ತಯಾರಿ. ನನ್ನ ಈರುಳ್ಳಿ ಸೊಪ್ಪು ಅವನಿಗೆ ಬೇಕು, ಅವನ ಚಹಾ ನನಗೆ ಬೇಕು, ಹಾಗೆ ಪರಿಚಯ. ನೇಪಾಳದವನು. ಕಾರವಾರಕ್ಕೆ ಬಂದು ಮೂವತ್ತು ವರ್ಷ ಆಗಿತ್ತು. ಮೊದಲು ವಾಚ್‌ಮನ್ ಕೆಲಸ, ಆಮೇಲೆ ಹೋಟೆಲಿನ ಅಡಿಗೆ, ಕೊನೆಗೆ ಈ ಗಾಡಿ. ಕೊಂಕಣಿ ನನಗಿಂತ ಚಂದ ಮಾತಾಡುತ್ತಿದ್ದ, ಕನ್ನಡ ಸ್ವಲ್ಪ ಕಡಿಮೆ. ಪೇಟೆಯ ಹೆಂಗಸರನ್ನೆಲ್ಲ ಬಾಯಿ ಎಂದು ಕರೆಯುತ್ತಿದ್ದ, ಅಕ್ಕ ಎಂದ ಹಾಗೆ.

ಪೇಟೆಯವರೆಲ್ಲ ಅವನನ್ನು ಬಹಾದ್ದೂರ್ ಎಂದೇ ಕರೆಯುತ್ತಿದ್ದರು. ಅದು ಅವನ ಹೆಸರಲ್ಲ. ನಮ್ಮ ಜನ ನೇಪಾಳದವರು ಯಾರೇ ಕಂಡರೂ ಹಾಗೇ ಕರೆಯುವುದು. ನಿಜವಾದ ಹೆಸರು ನನಗೆ ಗೊತ್ತಾದದ್ದು ಅವನು ಹೋದ ಮೇಲೆ. ಇರುವಾಗ ಅವನಾಗಿ ಹೇಳದ ಹೆಸರನ್ನು ಈಗ ನಾನು ಬರೆಯುವುದಿಲ್ಲ. ಆದರೆ ಒಂದು ಮಾತು ಬರೆಯಲೇಬೇಕು: ಶೂರ ಎಂದು ಎಲ್ಲರೂ ಕೂಗುತ್ತಿದ್ದ ಆ ಮನುಷ್ಯನಷ್ಟು ಹೆದರುವವನನ್ನು ನಾನು ಈ ಕರಾವಳಿಯಲ್ಲೇ ಕಂಡಿಲ್ಲ.

ಮೂವತ್ತು ವರ್ಷ ಸಮುದ್ರದ ಪಕ್ಕ ಇದ್ದು ಒಂದು ದಿನ ನೀರಿಗೆ ಕಾಲಿಟ್ಟವನಲ್ಲ. ದೂರದಿಂದ ನೋಡಿ ಎರಡೂ ಕಿವಿ ಮುಟ್ಟಿಕೊಳ್ಳುತ್ತಿದ್ದ. ಗ್ಯಾಸಿನ ಸಿಲಿಂಡರಿಗೆ ಸರಪಳಿ ಹಾಕಿ ಗಾಡಿಗೆ ಕಟ್ಟುತ್ತಿದ್ದ, ಕಟ್ಟಿದ ಮೇಲೆ ಮೂರು ಸಲ ಎಳೆದು ನೋಡುತ್ತಿದ್ದ. ಹೈವೇ ದಾಟುವಾಗ ಯಾರದಾದರೂ ಹಿಂದೆ ನಿಂತು ಅವರ ಜೊತೆಗೇ ದಾಟುತ್ತಿದ್ದ, ಶಾಲೆಯ ಮಕ್ಕಳಾದರೂ ಆಯಿತು. ಮಳೆಗಾಲದಲ್ಲಿ ಅಂಕೋಲೆಯ ಕಡೆಗೆ ಬಸ್ಸು ಹತ್ತುತ್ತಿರಲಿಲ್ಲ. "ಗುಡ್ಡದ ಬುಡದಲ್ಲಿ ರಸ್ತೆ, ಬಾಯಿ. ಗುಡ್ಡಕ್ಕೆ ಯಾವಾಗ ನಿದ್ದೆ ಬರ್ತದೆ, ಯಾವಾಗ ಮಗ್ಗಲು ಬದಲಿಸ್ತದೆ, ಯಾರಿಗೆ ಗೊತ್ತು?" ಎನ್ನುತ್ತಿದ್ದ. ನಾವು ನಗುತ್ತಿದ್ದೆವು. ಅವನೂ ನಗುತ್ತಿದ್ದ, ಆದರೆ ಬಸ್ಸು ಮಾತ್ರ ಹತ್ತುತ್ತಿರಲಿಲ್ಲ.

ಈಗ ನನ್ನ ಸೊಸೆಯ ವಿಷಯ ಹೇಳಬೇಕು.

ಅವಳೂ ನೇಪಾಳದ ಹುಡುಗಿ. ಅಣ್ಣ ಕಾರವಾರದ ಹೋಟೆಲಿನಲ್ಲಿ ಕೆಲಸಕ್ಕಿದ್ದ, ಅವನ ಜೊತೆ ಬಂದು ಬ್ಯೂಟಿ ಪಾರ್ಲರಿನಲ್ಲಿ ಸೇರಿದ್ದಳು. ನನ್ನ ಮಗ ನೇವಲ್ ಬೇಸಿನಲ್ಲಿ ಗುತ್ತಿಗೆದಾರನ ಕೈಕೆಳಗೆ ಇಲೆಕ್ಟ್ರಿಕ್ ಕೆಲಸ ಮಾಡುತ್ತಾನೆ. ಇಬ್ಬರೂ ಎಲ್ಲಿ ಕಂಡುಕೊಂಡರೋ, ಮದುವೆಯಾಗುತ್ತೇವೆಂದರು. ಊರವರು ಏನೇನೋ ಅಂದರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ, ಮೂರನೇ ದಿನ ಹುಡುಗಿಯನ್ನು ನೋಡಿದೆ, ಮುಖ ತಾನಾಗಿ ಇಳಿಯಿತು. ಆದರೆ ಮಾತಿಲ್ಲ. ನನಗೆ ಹಿಂದಿ ಬರುವುದಿಲ್ಲ, ಅವಳಿಗೆ ಕನ್ನಡ ಬರುವುದಿಲ್ಲ. ಕೈಸನ್ನೆ, ನಗು, ಊಟದ ಬಟ್ಟಲು, ಇಷ್ಟರಲ್ಲೇ ಒಂದು ವರ್ಷ ಸಂಸಾರ ನಡೆಯಿತು. ಏನು ಹೇಳಿದರೂ "ಹಜೂರ್" ಎಂದು ತಲೆ ಬಗ್ಗಿಸುತ್ತಿದ್ದಳು. ಎಂಥಾ ಚಿನ್ನದಂಥ ಸೊಸೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ಬಸುರಿಯಾದಳು. ಏಳು ತಿಂಗಳು ತುಂಬಿತು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನನ್ನದು ಅಂಕೋಲೆಯ ತವರಿನಲ್ಲಿ, ನನ್ನ ಅವ್ವನ ಕೈಯಲ್ಲಿ ಆಯಿತು. ಅದು ಹೆಣ್ಣಿನ ಹಕ್ಕು, ಅದನ್ನು ತಪ್ಪಿಸಿದರೆ ಅತ್ತೆಗೆ ಕೆಟ್ಟ ಹೆಸರು. ಊರು ದೂರ ಎಂದು ಇದನ್ನು ತಪ್ಪಿಸಬಾರದು, ಪರದೇಶದ ಹುಡುಗಿ ಎಂದು ಕಡಿಮೆ ಮಾಡಿದೆವು ಅಂತ ಯಾರೂ ಅನ್ನಬಾರದು. ಹೂ ಮುಡಿಸಿದೆ, ಹಸಿರು ಬಳೆ ಇಡಿಸಿದೆ, ಬಯಕೆ ಊಟ ಹಾಕಿದೆ. ಡಾಕ್ಟರರನ್ನು ಕೇಳಿ, ಅಣ್ಣನ ಜೊತೆ ರೈಲು ಹತ್ತಿಸಿದೆ. ಹುಡುಗಿ ಕಾರವಾರದ ಸ್ಟೇಶನ್ನಿನಲ್ಲಿ ಬಹಳ ಅತ್ತಳು. ತವರಿಗೆ ಹೋಗುವ ಸಂತೋಷಕ್ಕೆ ಅಳು ಬರುತ್ತದಲ್ಲ, ನನಗೂ ಬಂದಿತ್ತು. ನಾನು ಅವಳ ಬೆನ್ನು ತಟ್ಟಿ ನಕ್ಕೆ. ಹೌದು, ನಕ್ಕೆ.

ಮರುದಿನ ಪೇಟೆಯಲ್ಲಿ ಗಾಡಿಯ ಮುಂದೆ ಕೂತು ದೊಡ್ಡದಾಗಿ ಹೇಳಿದೆ, "ಸೊಸೆನ ತವರಿಗೆ ಕಳ್ಸ್ದೆ ನೋಡು, ನಿಮ್ಮ ನೇಪಾಳಕ್ಕೇಯ. ಎಲ್ಲಾ ಶಾಸ್ತ್ರ ಮಾಡೇ ಕಳ್ಸ್ದೆ."

ಅವನು ಹಿಟ್ಟು ನಾದುತ್ತಿದ್ದ. ಕೈ ನಿಂತಿತು.

"ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು?"

"ಮತ್ತೆ? ಹೆರಿಗೆಗೆ ಅಲ್ದನ ಕಳ್ಸೂದು?"

ಅವನು ಹಿಟ್ಟಿನ ಕೈಯಲ್ಲೇ ಎರಡೂ ಕಿವಿ ಮುಟ್ಟಿಕೊಂಡ. "ಅರೆ ದೇವಾ. ಬಾಯಿ, ನೀವು ಎಂತ ಮಾಡಿದ್ದು ಇದು? ನಮ್ಮ ಗುಡ್ಡದಲ್ಲಿ ಹೆರಿಗೆ ಗಂಡನ ಮನೆಯಲ್ಲಿ. ತವರಲ್ಲಿ ಹೆರೂದಿಲ್ಲ, ಆ ಮನೆಗೆ ಒಳ್ಳೇದಲ್ಲ ಅಂತಾರೆ. ಬಾಣಂತಿ ತವರಿಗೆ ಬರ್ತಾಳೆ, ಮಗುವಿಗೆ ಹೆಸರಿಟ್ಟ ಮೇಲೆ. ತುಂಬಿದ ಬಸುರಿಯನ್ನು ಅತ್ತೆ ಸೀರೆ ಬಳೆ ಕೊಟ್ಟು ರೈಲು ಹತ್ತಿಸಿದ್ರೆ..." ಎಂದು ನಿಲ್ಲಿಸಿದ.

"ಹತ್ತಿಸಿದ್ರೆ?"

"ಹೊರಗೆ ಹಾಕಿದ್ರು ಅಂತ."

ನನ್ನ ಕೈಯ ಚಹಾ ಸೊಪ್ಪಿನ ಮೇಲೆ ಚೆಲ್ಲಿತು. ಸ್ಟೇಶನ್ನಿನ ಆ ಅಳು ಕಿವಿಗೆ ಬಂತು, ನನ್ನ ನಗುವೂ ಬಂತು. ಯಾಕೆ ಹೇಳಲಿಲ್ಲ ಅವಳು? ಒಂದು ಮಾತು ಹೇಳಬಾರದಿತ್ತೆ? ಗಂಡನಿಗಾದರೂ? ಅದಕ್ಕೆ ಅವನೇ ಉತ್ತರ ಕೊಟ್ಟ. "ಅತ್ತೆ ಹೇಳಿದ್ದಕ್ಕೆ ಹಜೂರ್ ಅನ್ನಬೇಕು ಅಂತ ಅಮ್ಮ ಹೇಳಿ ಕಳಿಸಿರ್ತಾಳೆ ಬಾಯಿ. ಅವಳು ಹಜೂರ್ ಅಂದಳು, ನೀವು ಖುಷಿಪಟ್ರಿ."

ಮಗ ಅವಳಿಗೆ ಫೋನು ಮಾಡಿದ. ತಪ್ಪು ತಿಳಿದಿದ್ದೀರಿ, ನಮ್ಮಲ್ಲಿ ಹೀಗೆ ಹೀಗೆ ಎಂದು ಹಿಂದಿಯಲ್ಲಿ ಹೇಳಿದ. ಅವಳು "ಠೀಕ್ ಹೈ" ಎಂದಳಂತೆ. ಮೂರು ದಿನ ಬಿಟ್ಟು ಮಾಡಿದರೆ ಅವಳ ತಾಯಿ ಎತ್ತಿ ನೇಪಾಳಿಯಲ್ಲಿ ಏನೋ ಹೇಳಿ ಇಟ್ಟಳು. ತಿಂಗಳಾಗುವಷ್ಟರಲ್ಲಿ ಎತ್ತುವುದೂ ನಿಂತಿತು. ಗಾಡಿಯವನು ಹೇಳಿದ, "ಫೋನಿನ ಮಾತಿಗೆ ಕಾಲಿಲ್ಲ ಬಾಯಿ. ಕಳಿಸಿದವರೇ ಹೋಗಿ ಕರೀಬೇಕು. ನಿಮ್ಮ ಮಗ ಅಲ್ಲ, ನೀವು. ತಾಯಿಯ ಎದುರು ನಿಂತು, ಅವಳ ಭಾಷೆಯಲ್ಲಿ."

ಘಟ್ಟದ ಮೇಲೆ ಹುಬ್ಬಳ್ಳಿ, ಉತ್ತರಕ್ಕೆ ಮಡಗಾಂವ್, ಅದರಿಂದ ಮುಂದೆ ನಾನು ಜನ್ಮದಲ್ಲಿ ಹೋದವಳಲ್ಲ. ಹೋಗದಿದ್ದರೆ ಸೊಸೆಯೂ ಇಲ್ಲ, ಮಗುವೂ ಇಲ್ಲ. ಹೋದರೆ ಗುಡ್ಡ, ಚಳಿ, ಗೊತ್ತಿಲ್ಲದ ಜನ, ಬಾರದ ಭಾಷೆ.

ಹಾಗೆ ನನ್ನ ಶಾಲೆ ಸುರುವಾಯಿತು. ಮಗನಿಗೆ ರಜೆ ಸಿಗುವವರೆಗೆ ಹದಿನೈದು ದಿನ, ಮಧ್ಯಾಹ್ನ ಸೊಪ್ಪು ಖಾಲಿಯಾದ ಮೇಲೆ. ಹಳೇ ಕ್ಯಾಲೆಂಡರಿನ ಹಿಂಬದಿಗೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ನಮಸ್ತೆ, ಪಾನಿ, ಭಾತ್, ಇವು ಸುಲಭ, ಬರೆಯಬೇಕೆಂದೇ ಇಲ್ಲ. ಆದರೆ ಅವನು ಮೊಟ್ಟಮೊದಲು ಕಲಿಸಿದ್ದು ಇವನ್ನಲ್ಲ. "ಡರ್ ಲಾಗ್ಯೋ," ಎಂದ. "ಹೇಳಿ."

"ಹಾಗಂದ್ರೆ?"

"ಹೆದರಿಕೆ ಆಯ್ತು ಅಂತ."

"ಅದ್ನ ಯಾಕೆ ಮೊದ್ಲು? ಊಟ, ನೀರು ಕೇಳೂಕೆ ಕಲ್ಸು ಮಾರಾಯಾ."

"ಊಟ ಕೈಸನ್ನೆಗೂ ಸಿಗ್ತದೆ. ಹೆದರಿಕೆಯನ್ನು ಬಾಯಿಬಿಟ್ಟೇ ಹೇಳಬೇಕು. ಹೇಳದಿದ್ರೆ ಜನ ನಿಮ್ಮನ್ನು ಗಟ್ಟಿಗಿತ್ತಿ ಅಂದ್ಕೊಂಡು ಬಿಟ್ಟುಹೋಗ್ತಾರೆ."

ಎರಡನೆಯದು ಬಿಸ್ತಾರೈ, ನಿಧಾನ ಅಂತ. ಮೂರನೆಯದು ದುಖ್ಯೋ, ನೋವಾಯಿತು. ಆಮೇಲೆ ಕಹಾಂ, ಎಲ್ಲಿ. ಬುಹಾರಿ ಎಂದರೆ ಸೊಸೆ. ನಾತಿ ಮೊಮ್ಮಗ, ನಾತಿನಿ ಮೊಮ್ಮಗಳು. ಕಲಿಸುವ ರೀತಿ ಅವನದೇ. ಒಂದು ಶಬ್ದ ಬಾಯಿಪಾಠ ಆಗುವವರೆಗೆ ಇನ್ನೊಂದು ಕೊಡುತ್ತಿರಲಿಲ್ಲ. ಪಾನಿ ಎನ್ನದೆ ನೀರಿನ ಲೋಟ ಕೈಗೆ ಬರುತ್ತಿರಲಿಲ್ಲ. ಸಿಲಿಂಡರಿನ ಸರಪಳಿಯಂತೆ ಪ್ರತಿ ಶಬ್ದವನ್ನೂ ಮೂರು ಸಲ ಎಳೆದು ನೋಡುತ್ತಿದ್ದ. ತಪ್ಪಿದರೆ ಬೈಯುತ್ತಿರಲಿಲ್ಲ, ಅವನೇ ಹೆದರುತ್ತಿದ್ದ. "ಅಲ್ಲಿ ಹೀಗೆ ಬಿಟ್ರೆ ಎಂತ ಗತಿ?" ಎಂದು ಕಿವಿ ಮುಟ್ಟಿಕೊಳ್ಳುತ್ತಿದ್ದ. ನನ್ನ ಧೈರ್ಯ ಮತ್ತಷ್ಟು ಇಳಿಯುತ್ತಿತ್ತು. ಅಂದಿನಿಂದ ಅವನನ್ನು ಮಾಸ್ತರ ಎಂದು ಕರೆಯಲು ಸುರುಮಾಡಿದೆ. ಮೊದಲ ಸಲ ಕರೆದಾಗ ಹಿಂದೆ ತಿರುಗಿ ನೋಡಿದ, ಯಾರಿಗೆ ಎಂದು.

ಪಕ್ಕದಲ್ಲಿ ಬಳೆ ಮಾರುವವಳು ತಮಾಷೆ ಮಾಡಿದಳು, "ಎಂತದೆ, ಈ ಪ್ರಾಯದಲ್ಲಿ ಶಾಲೆ ಸೇರ್ಕಂಡ್ಯೆ? ಪರೀಕ್ಷೆ ಯಾವಾಗ?"

"ಪರೀಕ್ಷೆ ಅಲ್ಲೇಯ. ನಪಾಸಾದ್ರೆ ಸೊಸೆ ಹೋತು ಮಾರಾಯ್ತಿ," ಎಂದೆ. ನಗು ಬರಬೇಕಿತ್ತು, ಯಾರಿಗೂ ಬರಲಿಲ್ಲ.

ಕೊನೆಯ ದಿನ ಎರಡು ದೊಡ್ಡ ಮಾತು ಕಲಿಸಿದ. "ಬುಹಾರಿ ಲಿನ ಆಯೇಕೊ", ಸೊಸೆಯನ್ನು ಕರೆದೊಯ್ಯಲು ಬಂದೆ. "ಗಲ್ತಿ ಮೇರೊ ಹೋ", ತಪ್ಪು ನನ್ನದು. ಇಷ್ಟೇ ಹೇಳಿ ಸುಮ್ಮನಿರಬೇಕು, ಜಾಸ್ತಿ ಮಾತಾಡಬಾರದು ಎಂದ. "ಅವರು ತಿರುಗಿ 'ಬಸ್ನುಸ್' ಅಂದ್ರೆ, ಕೂತ್ಕೊಳ್ಳಿ ಅಂತ, ಆಗ ಉಸಿರಾಡಿ. ಅನ್ನದಿದ್ರೆ ನಿಂತೇ ಇರಿ. ಹೊರಗೆ ಬರಬೇಡಿ."

ಹೊರಡುವಾಗ ತನ್ನ ಉಲನ್ ಟೊಪ್ಪಿ ತೆಗೆದು ನನ್ನ ಕೈಗಿಟ್ಟ. ಕಾರವಾರದ ವೈಶಾಖದ ಸೆಕೆಯಲ್ಲೂ ತಲೆಯಿಂದ ತೆಗೆಯದ ಟೊಪ್ಪಿ. ಅದಿಲ್ಲದ ಅವನ ತಲೆ ಎಷ್ಟು ಸಣ್ಣದಾಗಿ ಕಂಡಿತು! "ನೀನು ಊರಿಗೆ ಹೋಗೂದಿಲ್ವ ಮಾಸ್ತರ?" ಎಂದು ಕೇಳಿದೆ. "ದಾರಿ ನೆನೆಸಿದ್ರೇ ಹೆದರಿಕೆ ಬಾಯಿ," ಎಂದ. ಬರಿ ತಲೆ ಸವರಿಕೊಂಡು, "ದಾರಿಯ ತುದಿಯಲ್ಲಿ ಯಾರೂ ಇಲ್ಲದಿರ್ಬಹುದು ಅಂತ ಇನ್ನೂ ಹೆದರಿಕೆ," ಎಂದ.

ರೈಲು, ಮತ್ತೊಂದು ರೈಲು, ಗಡಿಯವರೆಗೆ ಬಸ್ಸು. ಗಡಿಯಲ್ಲಿ ನನ್ನ ವೋಟಿನ ಕಾರ್ಡು ನೋಡಿ ಬಿಟ್ಟರು. ಆಮೇಲೆ ಜೀಪು. ಅಪ್ಪಾ, ಆ ಜೀಪು! ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ. ಕೆಳಗೆ ನದಿ ದಾರದ ಹಾಗೆ. ತಿರುವಿನಲ್ಲಿ ಚಕ್ರ ಕಲ್ಲು ಉರುಳಿಸಿದರೆ ಅದು ಬಿದ್ದ ಸದ್ದೇ ಕೇಳುತ್ತಿರಲಿಲ್ಲ. ಮಗ ಹೆದರಿಕೆಗೆ ಕಣ್ಣು ಮುಚ್ಚಿ ಕೂತಿದ್ದ. ನಾನು ತಡೆಯಲಾರದೆ ಕೂಗಿದೆ, "ಬಿಸ್ತಾರೈ ಭಾಯಿ! ಡರ್ ಲಾಗ್ಯೋ!"

ಡ್ರೈವರು ಕನ್ನಡಿಯಲ್ಲಿ ನನ್ನನ್ನು ನೋಡಿದ. ಜೀಪು ನಿಧಾನ ಆಯಿತು. ಪಕ್ಕದ ಮುದುಕಿ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ನನ್ನ ಕೈಯನ್ನು ತನ್ನ ಶಾಲಿನೊಳಗೆ ಎಳೆದುಕೊಂಡು ಗಟ್ಟಿಯಾಗಿ ಹಿಡಿದಳು. ಇಳಿಯುವವರೆಗೆ ಬಿಡಲಿಲ್ಲ. ಮಾಸ್ತರ ಮೊದಲು ಆ ಮಾತನ್ನೇ ಯಾಕೆ ಕಲಿಸಿದ ಎಂದು ಆಗ ತಿಳಿಯಿತು.

ಸೊಸೆಯ ಮನೆ ಹುಡುಕಿಕೊಂಡು ಹೋದರೆ ಬಾಗಿಲಿಗೆ ಬೀಗ. ನೆರೆಯವರು ಕೆಳಗಿನ ಪೇಟೆಯ ಕಡೆ ಕೈ ತೋರಿಸಿದರು. ತವರುಮನೆಯಲ್ಲಿ ಹೆರಬಾರದಲ್ಲ, ಅದಕ್ಕೆ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ ಹಿಡಿದು ತಾಯಿ ಮಗಳು ಇಬ್ಬರೇ ಇದ್ದರು. ಇಳಿಜಾರಿನ ಮೆಟ್ಟಿಲು, ತಗಡಿನ ಬಾಗಿಲು. ಹೆಣ್ಣಿನ ಹಕ್ಕು ಎಂದು ಹೂ ಮುಡಿಸಿ ಕಳಿಸಿದ್ದೆನಲ್ಲ, ಆ ಹಕ್ಕು ಅವಳನ್ನು ಎರಡೂ ಮನೆಯಿಂದ ಹೊರಗೆ ತಂದು ಆ ಕೋಣೆಯಲ್ಲಿ ಕೂರಿಸಿತ್ತು.

ಮಗನನ್ನು ಮೆಟ್ಟಿಲಿನಲ್ಲೇ ನಿಲ್ಲಿಸಿ ನಾನು ಒಳಗೆ ಹೋದೆ. ಸೊಸೆ ಗೋಡೆಗೆ ಒರಗಿದ್ದಳು, ಕಾಲು ಊದಿತ್ತು, ಕೈಯಲ್ಲಿ ನಾನಿಟ್ಟ ಹಸಿರು ಬಳೆ ಹಾಗೇ ಇತ್ತು. ನನ್ನನ್ನು ಕಂಡು ಏಳಲು ನೋಡಿದಳು. ತಾಯಿ ಅವಳ ಭುಜ ಒತ್ತಿ ಕೂರಿಸಿ ನನ್ನ ಎದುರು ನಿಂತಳು. ನನ್ನ ಹಾಗೇ ಕೆಲಸ ಮಾಡಿ ಒಣಗಿದ ಹೆಂಗಸು. ಹದಿನೈದು ದಿನದ ಪಾಠವೆಲ್ಲ ಹಾರಿಹೋಯಿತು. ಟೊಪ್ಪಿಯನ್ನು ಕೈಯಲ್ಲಿ ಹಿಂಡಿದೆ.

"ಬುಹಾರಿ ಲಿನ ಆಯೇಕೊ," ಎಂದೆ. ಅವಳು ಅಲ್ಲಾಡಲಿಲ್ಲ. "ಗಲ್ತಿ ಮೇರೊ ಹೋ." ಮಾಸ್ತರ ಹೇಳಿದಂತೆ ನಿಂತೇ ಇದ್ದೆ. ಸ್ಟೋವಿನ ಮೇಲೆ ಏನೋ ಉಕ್ಕುತ್ತಿತ್ತು, ಯಾರೂ ಇಳಿಸಲಿಲ್ಲ. ಮತ್ತೇನು ಹೇಳಬೇಕೆಂದು ತಿಳಿಯದೆ ಮೊದಲನೇ ದಿನದ ಪಾಠವನ್ನೇ ಹೇಳಿದೆ, "ಡರ್ ಲಾಗ್ಯೋ."

ಬೀಗಿತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಸ್ಟೋವಿನಿಂದ ಪಾತ್ರೆ ಇಳಿಸಿದಳು. ಕಾಲಿನಿಂದ ಒಂದು ಚಾಪೆಯನ್ನು ನನ್ನ ಕಡೆ ತಳ್ಳಿದಳು.

"ಬಸ್ನುಸ್."

ನಾನು ಕೂರಲಿಲ್ಲ, ಬಿದ್ದೆ.

ಒಂಬತ್ತನೇ ದಿನಕ್ಕೆ ಹೆರಿಗೆ. ಬೆಳಿಗ್ಗೆ ಒಳಗೆ ಕರೆದೊಯ್ದವರು ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ. ಮಗು ಅಡ್ಡ ಇದೆ ಎಂದು ಮಗ ಹೇಳಿದ. ನಾನೂ ಬೀಗಿತ್ತಿಯೂ ಆಸ್ಪತ್ರೆಯ ಬೆಂಚಿನಲ್ಲಿ ಕೂತು, ಅವಳು ಅವಳ ದೇವರನ್ನು, ನಾನು ನನ್ನ ದೇವರನ್ನು ಕರೆದೆವು. ನನ್ನ ಮನೆಗೆ ಬಂದ ಹುಡುಗಿ, ನಾನೇ ರೈಲು ಹತ್ತಿಸಿದ ಹುಡುಗಿ, ಇಲ್ಲಿ ಏನಾದರೂ ಆದರೆ ಈ ತಾಯಿಗೆ ಹೇಳಲು ಯಾವ ಭಾಷೆಯಲ್ಲಿ ಶಬ್ದವಿದೆ? ಮಾಸ್ತರ ಅದನ್ನು ಕಲಿಸಿರಲಿಲ್ಲ. ಮೂರು ಗಂಟೆಗೆ ನರ್ಸು ಬಾಗಿಲು ತೆಗೆದಳು. ಕೈಯಲ್ಲಿ ಬಟ್ಟೆಯ ಗಂಟು, ಅದರೊಳಗೆ ಕೆಂಪು ಮುಖ. "ನಾತಿನಿ," ಎಂದಳು. ಬೇರೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ನಾನು ಆ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಕೂಗಿದ ಕೂಗು ಕಾರವಾರಕ್ಕೆ ಕೇಳಿರಬೇಕು.

ಕೇಳದಿದ್ದರೆ ಎಂದು ಫೋನೂ ಮಾಡಿಸಿದೆ. ಮಾಸ್ತರ ಎತ್ತಿದ. "ನಾತಿನಿ!" ಎಂದೆ. ಅವನು ಮಗುವಿನ ಹಾಗೆ ನಕ್ಕ. ತಾಯಿ ಹೇಗಿದ್ದಾಳೆ ಎಂದು ಮೂರು ಸಲ ಕೇಳಿದ. ಕೊನೆಗೆ, "ಬಾಯಿ, ಸೊಸೆ ನಿಮಗೆ ಬೈದಳಾ?" ಎಂದ.

"ಇಲ್ಲ ಮಾರಾಯಾ. ಹಜೂರ್ ಅಂತಾಳೆ."

"ಹಾಗಾದ್ರೆ ಇನ್ನೂ ಹೆದರಿಕೆಯಲ್ಲಿದ್ದಾಳೆ. ಬೈದ ದಿನ ಹೇಳಿ. ಆವತ್ತು ಅವಳು ಮನೆಗೆ ಬಂದಳು ಅಂತ."

ಅದೇ ಅವನ ಕೊನೆಯ ಪಾಠ. ಮಗ ರಜೆ ಮುಗಿಸಿ ವಾಪಸು ಹೋದ. ನಾನು ಎರಡೂವರೆ ತಿಂಗಳು ಅಲ್ಲೇ ನಿಂತು ಬಾಣಂತನ ನೋಡಿಕೊಂಡೆ. ಮಗ ಪುನಃ ಬಂದು ನಮ್ಮ ಮೂವರನ್ನೂ ಅಮದಳ್ಳಿಗೆ ಕರೆತಂದ. ಮರುದಿನವೇ ಟೊಪ್ಪಿ ತೊಳೆದು ಮಡಚಿ ಪೇಟೆಗೆ ಹೋದೆ. ಗಾಡಿಯ ಮೇಲೆ ನೀಲಿ ತಾಡಪಾಲು ಕಟ್ಟಿತ್ತು. ಸರಪಳಿ ಕೆಳಗೆ ನೇತಾಡುತ್ತಿತ್ತು, ಅದರಲ್ಲಿ ಸಿಲಿಂಡರು ಇರಲಿಲ್ಲ.

ಬಳೆಯವಳು ಹೇಳಿದಳು. ಹದಿನೈದು ದಿನದ ಹಿಂದೆ, ಮಧ್ಯಾಹ್ನ, ಹಿಟ್ಟು ನಾದುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. "ರಿಕ್ಷಾದಲ್ಲಿ ಆಸ್ಪತ್ರೆಗೆ ಕರ್ಕಂಡು ಹೋಗ್ವಾಗ 'ಹೆದರಿಕೆ ಆಗ್ತದೆ ಬಾಯಿ' ಅಂದ ಕಾಣೆ. ನಾ ಕೈ ಹಿಡ್ಕಂಡೆ. ಕೊನೆವರಿಗೂ ಬಿಡ್ಲಿಲ್ಲ," ಎಂದಳು. ಕೊನೆಗೆ ಅವನ ಊರಿನವರು ನಾಲ್ಕು ಜನ ಬಂದು ಎಲ್ಲ ಮಾಡಿದರಂತೆ. ನಾನು ಟೊಪ್ಪಿಯನ್ನು ಮನೆಗೆ ವಾಪಸು ತಂದೆ.

ಆಮೇಲಿನ ತಿಂಗಳುಗಳ ಹೆದರಿಕೆ ಅಲ್ಲಿಯ ಗುಡ್ಡದ್ದಕ್ಕಿಂತ ದೊಡ್ಡದು. ಸೊಸೆ ಮನೆಯಲ್ಲಿದ್ದಳು, ಆದರೆ ಇದ್ದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಎಲ್ಲದಕ್ಕೂ ಹಜೂರ್. ಅವಳ ಬಟ್ಟೆ ಗಡಿ ದಾಟಿಬಂದ ಚೀಲದಲ್ಲೇ ಇತ್ತು, ಕಪಾಟಿಗೆ ಇಟ್ಟಿರಲಿಲ್ಲ. ಫೋನು ಬಂದು ಅವಳು ಅಂಗಳಕ್ಕೆ ಹೋದರೆ ನಾನು ಬಾಗಿಲ ಹಿಂದೆ ನಿಂತು ಕಿವಿಗೊಡುತ್ತಿದ್ದೆ, ಟಿಕೇಟಿನ ಮಾತೋ ಏನೋ ಎಂದು. ಕೇಳಲು ಮಾಸ್ತರನೂ ಇಲ್ಲ.

ಮೊನ್ನೆ ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕುತ್ತಿದ್ದೆ. ನಮ್ಮ ಕಡೆಯ ಅಜ್ಜಿಯರು ಹೇಗೆ ಹಾಕುತ್ತಾರೆ ನಿಮಗೆ ಗೊತ್ತು. ಚಾಚಿದ ಕಾಲಿನ ಮೇಲೆ ಬೋರಲು ಮಲಗಿಸಿ, ತಿಕ್ಕಿ, ಹಂಡೆಯ ಬಿಸಿನೀರನ್ನು ಧಾರೆ ಹೊಯ್ಯುವುದು. ಮಗು ಕಿರುಚುತ್ತದೆ, ನಾವು ಹಾಡುತ್ತೇವೆ. ಸೊಸೆ ಇಷ್ಟು ದಿನ ಬಾಗಿಲಲ್ಲಿ ನಿಂತು ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ನಾನು ಇನ್ನೊಂದು ತಂಬಿಗೆ ಎತ್ತಿದೆ.

"ಆಮಾ! ಬಿಸ್ತಾರೈ!"

ತಂಬಿಗೆ ಗಾಳಿಯಲ್ಲೇ ನಿಂತಿತು. ಅವಳು ಒಳಗೆ ನುಗ್ಗಿ ಅದನ್ನು ಕಸಿದುಕೊಂಡಳು. ಕೈ ಅದ್ದಿ ನೋಡಿ, ತಣ್ಣೀರು ಸುರಿದು, ಒಂದೇ ಉಸಿರಿಗೆ ನೇಪಾಳಿಯಲ್ಲಿ ಬೈಯತೊಡಗಿದಳು. ನನ್ನ ಕೈಯಿಗೆ, ನನ್ನ ಹಂಡೆಗೆ, ನಮ್ಮ ಊರಿನ ಎಲ್ಲ ಅಜ್ಜಿಯರಿಗೆ. ಅರ್ಧ ನನಗೆ ತಿಳಿಯಲಿಲ್ಲ. ನಡುವೆ ಅಳುತ್ತಾ, "ಡರ್ ಲಾಗ್ಯೋ, ಆಮಾ, ಡರ್ ಲಾಗ್ಯೋ," ಎಂದದ್ದು ಮಾತ್ರ ಪೂರಾ ತಿಳಿಯಿತು. ಸ್ಟೇಶನ್ನಿನಲ್ಲಿ ಹೇಳದೆ ನುಂಗಿದ್ದು, ಅಂತೂ ಬಾಯಿಗೆ ಬಂತು. ನಾನು ಒದ್ದೆ ಸೀರೆಯಲ್ಲಿ, ಒದ್ದೆ ಮಗುವನ್ನು ಮಡಿಲಲ್ಲಿ ಹಿಡಿದುಕೊಂಡು, ಅವಳ ಕೈಯನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತೇ ಇದ್ದೆ.

ಮಧ್ಯಾಹ್ನ ನೋಡಿದರೆ ಅವಳ ಚೀಲ ಖಾಲಿಯಾಗಿ ಮೊಳೆಗೆ ನೇತಾಡುತ್ತಿತ್ತು.

ಬೈದಳು. ಮಾಸ್ತರ, ಬೈದಳು.